ಅಬ್ಬರವಿಲ್ಲದ ದೊಡ್ಡ ದನಿ

ಎಲ್ಲರಿಗೂ ನಮಸ್ಕಾರ. ಇವತ್ತು ಒಬ್ಬ ಗಾಯಕಿಯ ಎರಡು ರೆಕಾರ್ಡಿಂಗ್ ಬಗ್ಗೆ ಮಾತ್ರ ಮಾತಾಡುತ್ತೇನೆ. ಆಕೆ ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ಎರಡರಲ್ಲೂ ಪಾತ್ರ ಒಂದೇ, ಜರ್ಮನಿಯ ಸಂಗೀತ ರಚನೆಗಾರ ವಾಗ್ನರ್‌ನ 'ಟ್ರಿಸ್ಟಾನ್ ಮತ್ತು ಇಸೋಲ್ಡ' ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ನಾಯಕಿ ಇಸೋಲ್ಡ. ಒಂದು 1936ರದ್ದು, ಇನ್ನೊಂದು 1952ರದ್ದು. ನಡುವೆ ಒಂದು ಮಹಾಯುದ್ಧ ಬಂದು ಹೋಗಿದೆ.

ಆಕೆಯದು ಡ್ರಮ್ಯಾಟಿಕ್ ಸೊಪ್ರಾನೊ ದನಿ. ಹಾಗಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಒಪೆರಾದಲ್ಲಿ ಎತ್ತರದ ಹೆಣ್ಣುದನಿಗೆ ಸೊಪ್ರಾನೊ ಅನ್ನುತ್ತಾರೆ. ಅದರಲ್ಲೂ ತೂಕ ಇರುವ, ದೊಡ್ಡ ದನಿ ಇದು. ನಮ್ಮಲ್ಲಿ 'ತುಂಬು ಶಾರೀರ' ಅಂತಾರಲ್ವಾ, ಹಾಗೆ. ಮೈಕ್ ಇರುವುದಿಲ್ಲ. ವೇದಿಕೆಯ ಮುಂದಿನ ತಗ್ಗಿನಲ್ಲಿ ಪಿಟೀಲು, ಕಹಳೆ, ನಗಾರಿ ಎಲ್ಲ ಸೇರಿ ಮೊಳಗುತ್ತಿರುತ್ತವೆ, ಅದನ್ನೆಲ್ಲ ದಾಟಿ ದನಿ ಕೊನೆಯ ಸಾಲಿನಲ್ಲಿ ಕೂತವರಿಗೆ ಮುಟ್ಟಬೇಕು, ಅದೂ ಸುಮಾರು ನಾಲ್ಕು ಗಂಟೆಯ ಒಪೆರಾದಲ್ಲಿ. ಸುಮ್ನೆ ಕಿರುಚಿದರೆ ಮೊದಲ ಅಂಕಕ್ಕೇ ಗಂಟಲು ಕಟ್ಟುತ್ತದೆ.

ಫ್ಲಾಗ್‌ಸ್ಟಾಡ್ ಹುಟ್ಟಿದ್ದು 1895ರಲ್ಲಿ, ಹಾಮಾರ್ ಎಂಬ ಊರಲ್ಲಿ. ಅಪ್ಪ ಅಮ್ಮ ಇಬ್ಬರೂ ಸಂಗೀತದವರು. 1913ರಲ್ಲಿ ಮೊದಲ ಸಲ ವೇದಿಕೆ ಹತ್ತಿದರು. ಆದರೆ ಮೊದಲ ಇಸೋಲ್ಡ ಹಾಡಿದ್ದು 1932ರಲ್ಲಿ! ಅಲ್ಲಿಯವರೆಗೆ ಹೆಚ್ಚಾಗಿ ತಮ್ಮ ದೇಶ ಮತ್ತು ಸುತ್ತಮುತ್ತಲ ದೇಶಗಳಲ್ಲೇ ಹಗುರ ಪಾತ್ರಗಳು, ಅಪೆರೆಟ್ಟಾ ಎಂಬ ಲಘು ಒಪೆರಾಗಳು. ಆ ವರ್ಷಗಳು ದಂಡ ಆದವು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ದನಿ ತಾನಾಗಿ ಬೆಳೆಯಲು ಬಿಟ್ಟ ಕಾಲ ಅದು. 1935ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಅವರು ಮೊದಲ ಸಲ ಹಾಡಿದಾಗ ವಯಸ್ಸು 39. ಅದು ರೇಡಿಯೊದಲ್ಲೂ ಪ್ರಸಾರವಾಯಿತು. ನಾಲ್ಕು ದಿನ ಬಿಟ್ಟು ಇಸೋಲ್ಡ. ಅಷ್ಟರಲ್ಲಿ ಇಡೀ ಅಮೆರಿಕದಲ್ಲಿ ಅವರದೇ ಮಾತು.

ಇನ್ನು 1936ಕ್ಕೆ ಬರೋಣ. ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಮಂದಿರ, ಜೊತೆಗೆ ಟ್ರಿಸ್ಟಾನ್ ಪಾತ್ರದಲ್ಲಿ ಲೌರಿಟ್ಸ್ ಮೆಲ್ಷಿಯೋರ್, ವಾದ್ಯವೃಂದ ನಡೆಸಿದವರು ಫ್ರಿಟ್ಸ್ ರೈನರ್. ಪ್ರದರ್ಶನ ನಡೆಯುವಾಗಲೇ ಹಿಡಿದ ಧ್ವನಿ ಇದು. ಮೊದಲ ಸಲ ಕೇಳಿದಾಗ ನನಗೆ ಬೇಸರವಾಗಿತ್ತು, ನಿಜ ಹೇಳುತ್ತೇನೆ. ಗೊರಗೊರ ಸದ್ದು, ವಾದ್ಯಗಳೆಲ್ಲ ಪರದೆಯ ಹಿಂದೆ ನುಡಿಸಿದ ಹಾಗೆ. ನಿಲ್ಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಆ ದನಿ ಬಂತು. ಉಬ್ಬಸ ಇಲ್ಲ, ಒತ್ತಡ ಇಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಹಾರಿ ಹಿಡಿಯುವುದಿಲ್ಲ, ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಹೋಗಿ ನಿಲ್ಲುತ್ತಾರೆ. ಎದೆಯಿಂದ ನೆತ್ತಿಯವರೆಗೆ ಒಂದೇ ಬಣ್ಣ. ಅವತ್ತು ರಾತ್ರಿ ಮೂರನೇ ಅಂಕ ಮುಗಿಯುವವರೆಗೂ ನಾನು ಎದ್ದಿದ್ದೆ.

ಅಂಥವರು ದನಿ ಏರಿದ್ದ ಕಾಲದಲ್ಲೇ ಸ್ಟುಡಿಯೊಗೆ ಹೋಗಿ ಪೂರ್ತಿ ಇಸೋಲ್ಡ ಯಾಕೆ ಹಾಡಲಿಲ್ಲ? ಆಗಿನ ದೊಡ್ಡ ಪ್ಲೇಟಿನ ಒಂದು ಬದಿಗೆ ನಾಲ್ಕೂವರೆ ನಿಮಿಷ ಹಿಡಿಸಿದರೆ ಹೆಚ್ಚು. ಇಡೀ ಒಪೆರಾ ಅಂದರೆ ಐವತ್ತಕ್ಕೂ ಹೆಚ್ಚು ಬದಿಗಳು, ಪ್ರತಿ ಸಲವೂ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಟೇಪು, ಎಲ್‌ಪಿ (ಒಂದು ಬದಿಗೆ ಹೆಚ್ಚು ಹೊತ್ತು ಹಿಡಿಸುವ ಪ್ಲೇಟು) ಬಂದ ಮೇಲೆ ದಾರಿ ಸುಲಭವಾಯಿತು. ಆದರೆ ಅದಕ್ಕೂ ಮೊದಲೇ ಯುದ್ಧ ಬಂತು. 1941ರಲ್ಲಿ ಅವರು ಅಮೆರಿಕ ಬಿಟ್ಟು, ಜರ್ಮನರ ಕೈಯಲ್ಲಿದ್ದ ನಾರ್ವೆಗೆ, ಗಂಡನ ಹತ್ತಿರ ಹೋದರು. ಯುದ್ಧ ಮುಗಿದಾಗ ಶತ್ರುಗಳ ಜೊತೆ ಕೈಜೋಡಿಸಿದ ಆರೋಪದ ಮೇಲೆ ಗಂಡನ ಬಂಧನವಾಯಿತು, 1946ರಲ್ಲಿ ಗಂಡ ತೀರಿಕೊಂಡರು. ಆಮೇಲೆ ಅಮೆರಿಕದಲ್ಲಿ ಫ್ಲಾಗ್‌ಸ್ಟಾಡ್ ಕಛೇರಿಗಳ ಎದುರು ಜನ ಪ್ರತಿಭಟನೆಗೆ ನಿಂತರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆಕೆಯನ್ನು ಮೆಚ್ಚುವವರು ಈ ಭಾಗ ಹಾರಿಸಿ ಕತೆ ಹೇಳಬಾರದು.

1952ರ ಜೂನ್. ಲಂಡನ್ನಿನ ಕಿಂಗ್ಸ್‌ವೇ ಹಾಲ್, ಫಿಲ್‌ಹಾರ್ಮೋನಿಯಾ ವಾದ್ಯವೃಂದ, ಅದನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಇಸೋಲ್ಡ ಹಾಡುತ್ತಿದ್ದ ನಮ್ಮ ಗಾಯಕಿಗೆ ಆಗ 56 ವರ್ಷ. ಎರಡನೇ ಅಂಕದಲ್ಲಿ ಪ್ರಿಯಕರ ಟ್ರಿಸ್ಟಾನ್ ಬರುವಾಗ ತಾರಸ್ಥಾಯಿಯಲ್ಲಿ ಬರುವ ಎರಡು 'ಹೈ ಸಿ' ಸ್ವರಗಳನ್ನು ಅವರು ಹಾಡಲಿಲ್ಲ. ಆ ಎರಡನ್ನು ಹಾಡಿಕೊಟ್ಟವರು ಇನ್ನೊಬ್ಬ ದೊಡ್ಡ ಗಾಯಕಿ, ಎಲಿಜಬೆತ್ ಷ್ವಾರ್ಟ್ಸ್‌ಕಾಫ್. ಗುಟ್ಟು ಹೊರಬಿತ್ತು, ಫ್ಲಾಗ್‌ಸ್ಟಾಡ್‌ಗೆ ತುಂಬಾ ನೋವಾಯಿತು. ಈಗಲೂ ಈ ರೆಕಾರ್ಡಿಂಗ್ ಅಂದ ಕೂಡಲೇ ಕೆಲವರಿಗೆ ಅದೇ ಮೊದಲು ನೆನಪಾಗುತ್ತದೆ. ಎರಡು ಸ್ವರ, ಕ್ಷಣಮಾತ್ರ. ಉಳಿದ ಗಂಟೆಗಟ್ಟಲೆ ಹಾಡು ಯಾರದು? ಆ ವಯಸ್ಸಿನಲ್ಲಿ ದನಿಯ ತುದಿ ಸ್ವಲ್ಪ ಸವೆದಿದೆ, ಒಪ್ಪುತ್ತೇನೆ. ಆದರೆ ನಡುವಿನ ಸ್ಥಾಯಿಯಲ್ಲಿ, ಕೆಳಗೆ, 1936ರಲ್ಲಿ ಇಲ್ಲದ ಒಂದು ಗಾಢವಾದ ಬಣ್ಣ ಬಂದಿದೆ.

ಕೊನೆಯ ಹಾಡನ್ನೇ ತೆಗೆದುಕೊಳ್ಳಿ. ಟ್ರಿಸ್ಟಾನ್ ಸತ್ತು ಬಿದ್ದಿದ್ದಾನೆ. ಇಸೋಲ್ಡ ಅಳುವುದಿಲ್ಲ. 'ಎಷ್ಟು ಮೆಲ್ಲಗೆ ನಗುತ್ತಿದ್ದಾನೆ, ನೋಡಿ' ಅಂತ ಶುರು ಮಾಡುತ್ತಾಳೆ, ನಿದ್ದೆಯಲ್ಲಿರುವವನನ್ನು ಎಬ್ಬಿಸಬಾರದು ಅನ್ನುವಷ್ಟು ಮೆಲ್ಲಗೆ. ವಾದ್ಯಗಳು ಅಲೆಯ ಮೇಲೆ ಅಲೆಯಾಗಿ ಏರುತ್ತವೆ. ಅನೇಕ ಗಾಯಕಿಯರು ಇಲ್ಲಿ ಅಲೆಯ ವಿರುದ್ಧ ಈಜುತ್ತಾರೆ. ಫ್ಲಾಗ್‌ಸ್ಟಾಡ್ ಅದರ ಮೇಲೆ ತೇಲುತ್ತಾರೆ. ಕಟ್ಟಕಡೆಯ ಪದವನ್ನು ಮೇಲಿನ ಸ್ವರದಲ್ಲಿ, ಮೆತ್ತಗೆ ಹಾಡಬೇಕು. ಇಷ್ಟೆಲ್ಲ ಹಾಡಿ ದಣಿದ ಮೇಲೆ ಆ ಸ್ವರವನ್ನು ಅಲುಗದಂತೆ ಹಿಡಿಯುವುದು ಸಣ್ಣ ಮಾತಲ್ಲ. ಅವರು ಅದನ್ನು ಬಿಟ್ಟುಕೊಡುವ ಬಗೆ ಗಮನಿಸಿ. ದನಿ ಎಲ್ಲಿ ನಿಂತಿತು, ಪಿಟೀಲು ಎಲ್ಲಿಂದ ಮುಂದುವರಿಸಿತು ಅಂತ ನನಗೆ ಇವತ್ತಿಗೂ ಸರಿಯಾಗಿ ತೋರಿಸಲು ಆಗುವುದಿಲ್ಲ.

ಇದೊಂದೇ ಹಾಡನ್ನು ಈಗ ಎರಡು ಸಲ ಕೇಳೋಣ. ಒಂದೊಂದೂ ಸುಮಾರು ಏಳು ನಿಮಿಷ. ಮೊದಲು 1936ರದ್ದು ಹಾಕುತ್ತೇನೆ. ಶುರುವಿನಲ್ಲಿ ಗೊರಗೊರ ಜಾಸ್ತಿ ಇದೆ, ಸ್ವಲ್ಪ ತಾಳ್ಮೆ ಇರಲಿ.