ಇಲಿಮರಿಯ ಮೊದಲ ವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಇಲಿ ಅಂದ ಕೂಡಲೇ ನಮ್ಮ ಧಾರವಾಡ ಸೀಮೆಯ ರೈತರಿಗೆ ಸಿಟ್ಟು ಬರುತ್ತದೆ. ಶೇಂಗಾ ಚೀಲಕ್ಕೆ ತೂತು, ಜೋಳದ ರಾಶಿಗೆ ಲಗ್ಗೆ! ಇವತ್ತಿನ ಮಾತು ಆ ಇಲಿಯದ್ದಲ್ಲ. ಪ್ರಯೋಗಾಲಯದ ಪಂಜರದಲ್ಲಿ ಹುಟ್ಟುವ ಇಲಿಯದ್ದು.

ಇಲಿಮರಿ ಹುಟ್ಟಿದಾಗ ಮೈಮೇಲೆ ಒಂದು ಕೂದಲೂ ಇರುವುದಿಲ್ಲ. ಕಿವಿ ಕೇಳಿಸುವುದಿಲ್ಲ. ಕಣ್ಣು ಬಿಡಲು ಎರಡು ವಾರ ಬೇಕು. ತಾಯಿ ಬಂದು ಮೇಲೆ ಕವಿದು ಮಲಗಬೇಕು, ಹಾಲೂಡಿಸಬೇಕು, ನೆಕ್ಕಬೇಕು. ಮರಿ ಅತ್ತರೂ ನಮಗೆ ಕೇಳಿಸುವುದಿಲ್ಲ, ಅಷ್ಟು ಕೀಚು ದನಿ ಅದು. ತಾಯಿಗೆ ಮಾತ್ರ ಕೇಳುತ್ತದೆ.

1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸೈಮೂರ್ ಲೆವಿನ್ ಒಂದು ಪ್ರಯೋಗ ಮಾಡಿದರು. ಕೆಲವು ಮರಿಗಳನ್ನು ದಿನಾ ಸ್ವಲ್ಪ ಹೊತ್ತು ಗೂಡಿನಿಂದ ತೆಗೆದು ಸಣ್ಣಗೆ ವಿದ್ಯುತ್ ಶಾಕ್ ಕೊಟ್ಟರು. ಇನ್ನು ಕೆಲವನ್ನು ತೆಗೆದು ಸುಮ್ನೆ ವಾಪಸ್ ಇಟ್ಟರು. ಮೂರನೇ ಗುಂಪನ್ನು ಮುಟ್ಟಲೇ ಇಲ್ಲ. ಶಾಕ್ ತಿಂದವು ಅಂಜುಬುರುಕ ಆಗುತ್ತವೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಆದದ್ದು ಬೇರೆ. ದೊಡ್ಡವಾದ ಮೇಲೆ ಜಾಸ್ತಿ ಅಂಜಿದ್ದು ಯಾರೂ ಮುಟ್ಟದೆ ಬಿಟ್ಟ ಇಲಿಗಳು. ಇದರ ಗುಟ್ಟು ಬಿಡಿಸಲು ಬಹಳ ವರ್ಷ ಹಿಡಿಯಿತು. ಗೂಡಿಗೆ ವಾಪಸ್ ಬಂದ ಮರಿಯನ್ನು ತಾಯಿ ಹೆಚ್ಚು ನೆಕ್ಕುತ್ತಿತ್ತು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಈ ನೆಕ್ಕುವುದನ್ನೇ ಹಿಡಿದು ಕೂತರು. ತಾಯಿ ಇಲಿಗಳಲ್ಲೂ ಎರಡು ತರಹ. ಕೆಲವು ಮರಿಯನ್ನು ಬಿಡದೆ ನೆಕ್ಕುತ್ತವೆ, ಕೆಲವು ಅಷ್ಟಾಗಿ ನೆಕ್ಕುವುದಿಲ್ಲ. ಹೆಚ್ಚು ನೆಕ್ಕಿಸಿಕೊಂಡ ಮರಿ ದೊಡ್ಡದಾದ ಮೇಲೆ ಗಾಬರಿ ಕಡಿಮೆ. ಗಾಬರಿಯಾದರೂ ಬೇಗ ತಣ್ಣಗಾಗುತ್ತದೆ. ಕಾರಣ ಮಿದುಳಿನಲ್ಲಿದೆ. ಅಂಜಿಕೆ ಆದಾಗ ರಕ್ತಕ್ಕೆ ಒಂದು ಹಾರ್ಮೋನು ಇಳಿಯುತ್ತದೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಅದನ್ನು ಗುರುತಿಸಿ, ಸಾಕು ನಿಲ್ಲಿಸು ಅನ್ನುತ್ತದೆ. ಹೆಚ್ಚು ನೆಕ್ಕಿಸಿಕೊಂಡ ಇಲಿಗಳಲ್ಲಿ ಹೀಗೆ ಗುರುತಿಸುವ ಗ್ರಾಹಕಗಳು ಜಾಸ್ತಿ.

ಇದೆಲ್ಲ ತಾಯಿಯ ರಕ್ತದಿಂದ ಬಂದದ್ದು ಅನ್ನುವವರು ಇದ್ದೇ ಇರುತ್ತಾರೆ. ಅದಕ್ಕೇ ಮೀನಿ ತಂಡದವರು ಮರಿಗಳನ್ನು ಅದಲುಬದಲು ಮಾಡಿದರು. ನೆಕ್ಕದ ತಾಯಿಯ ಹೆಣ್ಣುಮರಿಯನ್ನು ನೆಕ್ಕುವ ತಾಯಿಯ ಮಡಿಲಿಗೆ ಹಾಕಿದರು. ಅದು ಧೈರ್ಯದ ಇಲಿಯಾಯಿತು. ಮುಂದೆ ತಾನು ಹೆತ್ತಾಗ ತನ್ನ ಮರಿಗಳನ್ನೂ ಚೆನ್ನಾಗಿ ನೆಕ್ಕಿತು! 2004ರಲ್ಲಿ ಇದೇ ತಂಡ ಇನ್ನೂ ಒಳಗೆ ಹೋಗಿ ನೋಡಿತು. ಆ ಗ್ರಾಹಕದ ಜೀನಿನ ಡಿಎನ್‌ಎ ಮೇಲಿರುವ, ಜೀನಿನ ಕೆಲಸವನ್ನು ಏರಿಳಿಸುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಎರಡೂ ತರಹದ ಮರಿಗಳಲ್ಲಿ ಬೇರೆ ಬೇರೆ ಇದ್ದವು. ಆ ವ್ಯತ್ಯಾಸ ಮೂಡಿದ್ದು ಹುಟ್ಟಿದ ಮೊದಲ ವಾರದಲ್ಲಿ.

ನೆಕ್ಕುವುದು ಅಂದರೆ ಸ್ಪರ್ಶ ತಾನೇ? ಸಾಲ್ ಶಾನ್‌ಬರ್ಗ್ ಎಂಬ ವಿಜ್ಞಾನಿ ತಾಯಿಯಿಂದ ಅಗಲಿಸಿದ ಮರಿಗಳನ್ನು ಪರೀಕ್ಷಿಸಿದರು. ಅವುಗಳ ಬೆಳವಣಿಗೆಯ ಹಾರ್ಮೋನು ಇಳಿದಿತ್ತು. ಒದ್ದೆ ಕುಂಚದಿಂದ ಮೈಯನ್ನು ಒತ್ತಿ ಒತ್ತಿ ಸವರಿದಾಗ ಅದು ಮತ್ತೆ ಏರಿತು. ಮುಂದೆ ಅವರು ಮನೋವಿಜ್ಞಾನಿ ಟಿಫನಿ ಫೀಲ್ಡ್ ಜೊತೆ ಸೇರಿ, ದಿನ ತುಂಬದೆ ಹುಟ್ಟಿದ ಕೂಸುಗಳ ಮೈ ತಿಕ್ಕಿಸಿ ನೋಡಿದರು. 1986ರ ಆ ವರದಿಯಲ್ಲಿ ಈ ಕೂಸುಗಳ ತೂಕ ಉಳಿದವಕ್ಕಿಂತ ಶೇಕಡಾ 47ರಷ್ಟು ಹೆಚ್ಚು ವೇಗವಾಗಿ ಏರಿತ್ತು. ನಮ್ಮ ಓಣಿಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಅಜ್ಜಿಯರಿಗೆ ಈ ಸುದ್ದಿಯಿಂದ ಏನೂ ಆಶ್ಚರ್ಯ ಆಗಲಿಕ್ಕಿಲ್ಲ. ಹಾಗಂತ ಇಲಿಯ ಲೆಕ್ಕವನ್ನೆಲ್ಲ ತಂದು ಮನುಷ್ಯರಿಗೆ ಹಚ್ಚಬಾರದು. ಮನುಷ್ಯನ ಬಾಲ್ಯ ಬಲು ಉದ್ದ, ಅಲ್ಲಿ ಅಪ್ಪ, ಅಜ್ಜಿ, ಸೋದರಮಾವ ಎಲ್ಲರೂ ಇರುತ್ತಾರೆ.

ಇಷ್ಟು ಕೇಳಿ, ತಪ್ಪೆಲ್ಲ ತಾಯಿಯದೇ ಅನ್ನುವವರಿಗಾಗಿ ಇನ್ನೊಂದು ಪ್ರಯೋಗ. ಕ್ಯಾಲಿಫೋರ್ನಿಯಾದಲ್ಲಿ ಟಾಲಿ ಬರಮ್ ಅವರ ತಂಡ ತಾಯಿ ಇಲಿಯನ್ನು ಬದಲಿಸಲಿಲ್ಲ. ಗೂಡಿಗೆ ಹಾಸುವ ಸಾಮಾನನ್ನು ಮಾತ್ರ ಕಡಿಮೆ ಮಾಡಿದರು. ಅಷ್ಟಕ್ಕೇ ತಾಯಿ ಚಡಪಡಿಸಿತು. ಮರಿ ಬಿಟ್ಟು ಓಡುತ್ತದೆ, ಬರುತ್ತದೆ, ಮತ್ತೆ ಓಡುತ್ತದೆ. ಮರಿಗಳ ಜೊತೆ ಕಳೆದ ಒಟ್ಟು ಹೊತ್ತು ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಆರೈಕೆ ತುಂಡು ತುಂಡಾಯಿತು. ಆ ಮರಿಗಳು ಬೆಳೆದ ಮೇಲೆ ಸಕ್ಕರೆ ನೀರಿನ ಮೇಲೂ ಅಷ್ಟು ಆಸೆ ತೋರಲಿಲ್ಲ. ಪೇಡೆಯ ಊರಿನವರಿಗೆ ಬೇರೆ ಹೇಳಬೇಕೆ, ಸಿಹಿ ಬೇಡವಾಯಿತು ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ!

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ ಪ್ರಯೋಗ. ಬಾಣಂತಿಯನ್ನು ತವರಿಗೆ ಕರೆತಂದು, ಬೆಚ್ಚಗೆ ಇಟ್ಟು, ಕೆಲಸ ಹಚ್ಚದೆ ಉಣ್ಣಿಸುವುದು ಕೂಸಿಗೂ ಮಾಡುವ ಆರೈಕೆಯೇ. ಆದರೆ ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗಲೇಬೇಕಾದ ತಾಯಿಗೆ ಎಷ್ಟು ದಿನದ ಬಾಣಂತನ ಸಿಗುತ್ತದೆ? ಅವಳಿಗೆ ಕೂಸನ್ನು ಚೆನ್ನಾಗಿ ನೋಡಿಕೋ ಅಂತ ಬುದ್ಧಿ ಹೇಳುವುದು ಸುಲಭ. ಅವಳ ಕೂಲಿಯ ಚಿಂತೆ ತಪ್ಪಿಸುವುದು ಕಷ್ಟ.

ಮೊದಲ ದಿನಗಳು ಕೆಟ್ಟವು, ಇನ್ನೇನು ಉಳಿಯಿತು ಅನ್ನುವ ಹಾಗೂ ಇಲ್ಲ. 2002ರಲ್ಲಿ ಮೀನಿ ಅವರ ತಂಡವೇ, ಎಳವೆಯಲ್ಲಿ ದಿನಾ ತಾಸುಗಟ್ಟಲೆ ತಾಯಿಯಿಂದ ದೂರ ಇಟ್ಟಿದ್ದ ಮರಿಗಳನ್ನು ಹಾಲು ಬಿಡಿಸಿದ ಮೇಲೆ ಆಟಿಕೆ, ಜೊತೆಗಾರರು, ಓಡಾಡಲು ಜಾಗ ಇರುವ ದೊಡ್ಡ ಪಂಜರಕ್ಕೆ ಹಾಕಿತು. ಮಿದುಳಿನೊಳಗೆ ಆಗಿದ್ದ ಬದಲಾವಣೆ ಹಾಗೇ ಇತ್ತು. ಆದರೂ ಅವುಗಳ ಅತಿಯಾದ ಅಂಜಿಕೆ ಹೋಗಿತ್ತು.

ನಮಸ್ಕಾರ.