ಹೆಬ್ಬೆರಳಿಗೆ ಜಾಗ ಎಲ್ಲಿ?

ನಮಸ್ಕಾರ. ಲೈಕಾ ಕ್ಯಾಮೆರಾ ಕೈ ಜಾರದಂತೆ ಯಾವ ಗ್ರಿಪ್ ಹಾಕಬೇಕು, ಇವತ್ತು ಅದೇ ಮಾತು. ಮೊದಲು ಈ ಉಂಗುರ ನೋಡಿ. ಕ್ಯಾಮೆರಾ ಹತ್ತಿರ ತರುತ್ತೇನೆ, ತಾಳಿ. ಕೀ ಬಂಚ್‌ನಲ್ಲಿ ಇರುತ್ತದಲ್ಲ, ಅದೇ ಥರದ ರಿಂಗ್. ಅದರ ತುದಿ ಎಷ್ಟು ಬಾಯಿ ಬಿಟ್ಟಿದೆ ನೋಡಿ. ಉಗುರು ಸುಲಭವಾಗಿ ಒಳಗೆ ಹೋಗುತ್ತದೆ. ನನ್ನ ಲೈಕಾ ಎಂ 240 ಕ್ಯಾಮೆರಾದ ಎಡಗಡೆ ಸ್ಟ್ರಾಪ್ ನೇತಾಡುತ್ತಿದ್ದದ್ದು ಇದರಲ್ಲೇ.

ಬೆಂಗಳೂರು ಕರಗದ ರಾತ್ರಿ. ತಿಗಳರಪೇಟೆ, ಧರ್ಮರಾಯನ ಗುಡಿ ಹತ್ತಿರ. ಚೈತ್ರದ ಸೆಕೆ, ಕಾಲಿಡಲು ಜಾಗ ಇಲ್ಲ, ಮೇಲಿಂದ ಮಲ್ಲಿಗೆ ಬೀಳುತ್ತಿದೆ, ಸುತ್ತಲೂ ಗೋವಿಂದಾ ಗೋವಿಂದಾ. ಕೈ ಪೂರ್ತಿ ಬೆವರು. ಹಿಂದಿನಿಂದ ಯಾರದೋ ಮೊಣಕೈ ತಗುಲಿತು, ಕ್ಯಾಮೆರಾ ಬೆರಳಿಂದ ಜಾರಿತು. ಸ್ಟ್ರಾಪ್ ಇದೆಯಲ್ಲ ಅಂದುಕೊಂಡೆ. ಅಷ್ಟರಲ್ಲಿ ಎಡಗಡೆ ರಿಂಗ್ ಬಿಟ್ಟುಕೊಂಡಿತ್ತು. ಬಲಗಡೆ ರಿಂಗ್ ಒಂದರಲ್ಲೇ ತೂಗಾಡುತ್ತಾ ಹೋಗಿ ಕಬ್ಬಿಣದ ಬ್ಯಾರಿಕೇಡ್‌ಗೆ ಟಣ್ ಅಂತ ಬಡಿಯಿತು.

ಮೈಮೇಲೆ ಒಂದು ಸಣ್ಣ ತಗ್ಗು, ಅಷ್ಟೇ. ಆದರೆ ಮಾರನೇ ದಿನ ವ್ಯೂಫೈಂಡರ್ ನೋಡಿದರೆ ಎರಡು ಚಿತ್ರಗಳು ಒಂದರ ಮೇಲೊಂದು ಕೂರುತ್ತಲೇ ಇಲ್ಲ. ರೇಂಜ್‌ಫೈಂಡರ್‌ನ ಕಷ್ಟ ಇದೇ. ಎರಡು ಕಿಟಕಿಯಿಂದ ಬರುವ ಚಿತ್ರಗಳು ಒಂದಾಗಿ ಕೂತರೇ ಫೋಕಸ್ ಸರಿ. ನನ್ನ 240ರಲ್ಲಿ ಈ ಎರಡು ಕಿಟಕಿಗಳ ನಡುವಿನ ಅಂತರ 69.25 ಮಿಲಿಮೀಟರ್. ಲೆನ್ಸ್ ತಿರುಗಿಸಿದಾಗ ಒಳಗಿನ ಒಂದು ಪುಟ್ಟ ರೋಲರ್ ಹಿಂದೆ ಮುಂದೆ ಹೋಗುತ್ತದೆ, ಅದರ ಜೊತೆ ಚಿತ್ರ ಸರಿಯುತ್ತದೆ. ಫೋಕಸ್ ಪೂರ್ತಿ ಈ ಯಂತ್ರದ ಲೆಕ್ಕದ ಮೇಲೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ನೋಡುವುದು ಸೆನ್ಸರೇ, ಆದ್ದರಿಂದ ಒಂದು ಏಟಿಗೆ ಅದು ಹೀಗೆ ದಾರಿ ತಪ್ಪುವುದಿಲ್ಲ. ಇಲ್ಲಿ ಕೂದಲೆಳೆ ಅಷ್ಟು ಸರಿದರೂ ಕಣ್ಣಿನ ಮೇಲೆ ಇಟ್ಟ ಫೋಕಸ್ ಕಿವಿಯ ಮೇಲೆ ಬೀಳುತ್ತದೆ.

ಈ ಘಟನೆ ಆದಮೇಲೆ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ದುಡ್ಡು ಕೊಟ್ಟು, ಬೆರಳು ಹಿಡಿಯಲು ಮುಂದೆ ಉಬ್ಬಿರುವ ದೊಡ್ಡ ಹ್ಯಾಂಡ್‌ಗ್ರಿಪ್ ತಂದೆ. ತಪ್ಪು ಮಾಡಿದೆ. ಯಾಕೆ ಅಂತ ಹೇಳುತ್ತೇನೆ.

ಫಿಲಂ ಕಾಲದ ಎಂ ಕ್ಯಾಮೆರಾ ಹಿಡಿದವರು ಯಾರಾದರೂ ಗೊತ್ತಿದ್ದರೆ ಕೇಳಿ ನೋಡಿ. 1954ರ ಎಂ3 ಇಂದ ಹಿಡಿದು ಎಂ6ರವರೆಗೆ ಹೆಚ್ಚುಕಡಿಮೆ ಎಲ್ಲದರ ಬಲಗಡೆ ಫಿಲಂ ಎಳೆಯುವ ಲಿವರ್ ಇತ್ತು. ಅದನ್ನು ಅರ್ಧ ತೆರೆದು ಇಟ್ಟುಕೊಂಡು, ಹೆಬ್ಬೆರಳನ್ನು ಅದರ ಹಿಂದೆ ಸಿಕ್ಕಿಸಿಕೊಂಡರೆ ಕ್ಯಾಮೆರಾ ಎಲ್ಲೂ ಹೋಗುತ್ತಿರಲಿಲ್ಲ. ಗ್ರಿಪ್ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಲಿವರೇ ಗ್ರಿಪ್ ಆಗಿತ್ತು.

2006ರಲ್ಲಿ ಲೈಕಾ ಎಂ8 ಬಂತು. ಡಿಜಿಟಲ್. ಎಳೆಯಲು ಫಿಲಂ ಇಲ್ಲ, ಲಿವರ್ ಯಾಕೆ? ತೆಗೆದರು. ಮೈ ಮಾತ್ರ ದಪ್ಪ ಆಯಿತು. ಎಂ3 ಸುಮಾರು 33.5 ಮಿಲಿಮೀಟರ್ ಇದ್ದದ್ದು ನನ್ನ 240ರ ಹೊತ್ತಿಗೆ 42. ಬ್ಯಾಟರಿ ಸೇರಿ ತೂಕ 680 ಗ್ರಾಂ. ಅಂದರೆ ಕ್ಯಾಮೆರಾ ದಪ್ಪ, ನುಣುಪು, ಭಾರ, ಹೆಬ್ಬೆರಳು ಮಾತ್ರ ಅನಾಥ. 240ರ ಬೆನ್ನಿಗೆ ಒಂದು ಪುಟ್ಟ ಉಬ್ಬು ಕೊಟ್ಟಿದ್ದಾರೆ ನಿಜ. ಬೆವರಿದ ಕೈಗೆ ಅದು ಲೆಕ್ಕಕ್ಕಿಲ್ಲ.

ತಮಾಷೆ ಏನೆಂದರೆ, ಅದಕ್ಕೂ ಮುಂಚೆ, 2004ರಲ್ಲೇ ಬಂದ ಎಪ್ಸನ್ ಆರ್‌-ಡಿ1ರಲ್ಲಿ ಲಿವರ್ ಇತ್ತು. ಡಿಜಿಟಲ್ ಕ್ಯಾಮೆರಾನೇ, ಆದರೂ ಶಟರ್ ಸಜ್ಜು ಮಾಡಲು ಪ್ರತಿ ಸಲ ಲಿವರ್ ಎಳೆಯಬೇಕು. ಆಮೇಲೆ 2018ರಲ್ಲಿ ಲೈಕಾದವರೇ ಎಂ10-ಡಿ ಅಂತ ಮಾಡಿದರು. ಅದರಲ್ಲಿರುವುದು ನೋಡಲು ಥೇಟ್ ಲಿವರ್, ಆದರೆ ಎಳೆದರೆ ಏನೂ ಆಗುವುದಿಲ್ಲ. ಬರೀ ಹೆಬ್ಬೆರಳು ಇಡಲು ಮಡಚಿ ತೆರೆಯುವ ಒಂದು ಪಟ್ಟಿ. ನಾನೂ ನಕ್ಕಿದ್ದೆ. ಈಗ ನಗುವುದಿಲ್ಲ.

ಆ ಜಾಗ ತುಂಬುವುದೇ ಥಂಬ್ ಗ್ರಿಪ್. ಹಾಟ್ ಶೂಗೆ, ಅಂದರೆ ಕ್ಯಾಮೆರಾ ತಲೆ ಮೇಲೆ ಫ್ಲಾಶ್ ಕೂರಿಸುವ ಜಾಗಕ್ಕೆ, ಸಿಕ್ಕಿಸುವ ಒಂದು ಸೊಟ್ಟ ಲೋಹ, ಅಷ್ಟೇ. ಮ್ಯಾಚ್ ಟೆಕ್ನಿಕಲ್ ಅನ್ನುವವರ ಇಂಥದ್ದಕ್ಕೆ ಥಂಬ್ಸ್ ಅಪ್ ಅಂತಲೇ ಹೆಸರು. ಅಂಗಡಿಯಲ್ಲಿ ಕೇಳಿದರೆ ತಣ್ಣಗೇ ಬೇಕಾ ಅಂತಾರೆ, ಹುಷಾರು. ಕೊಳ್ಳುವ ಮುಂಚೆ ನೋಡಬೇಕಾದದ್ದು, ಅದು ನಿಮ್ಮ ಮಾಡೆಲ್‌ಗೇ ಮಾಡಿದ್ದಾ? ಅಗ್ಗದ್ದು ಶೂನಲ್ಲಿ ಸಡಿಲ ಕೂರುತ್ತದೆ, ಬ್ಯಾಗ್‌ನಿಂದ ತೆಗೆಯುವಾಗ ಜಾರಿ ಹೋಗುತ್ತದೆ. ಸಡಿಲ ಗ್ರಿಪ್ ನಂಬಿಕೊಂಡು ಕೈ ಸಡಿಲ ಬಿಟ್ಟರೆ ಗ್ರಿಪ್ ಇಲ್ಲದೇ ಇರುವುದಕ್ಕಿಂತ ಅಪಾಯ. ಇನ್ನೊಂದು, ಫ್ಲಾಶ್ ಹಾಕುವವರಿಗೆ, 21 ಎಂಎಂ ಲೆನ್ಸ್‌ಗೆ ಮೇಲೊಂದು ವ್ಯೂಫೈಂಡರ್ ಕೂರಿಸುವವರಿಗೆ ಇದು ಆಗಿಬರುವುದಿಲ್ಲ. ಶೂ ಇರುವುದು ಒಂದೇ.

ಹಾಗಾದರೆ ಹ್ಯಾಂಡ್‌ಗ್ರಿಪ್ ಯಾಕೆ ಬೇಡ ಅಂದೆ? ಪೂರ್ತಿ ಬೇಡ ಅಂತಲ್ಲ. 50 ಎಂಎಂ ನಾಕ್ಟಿಲಕ್ಸ್ 0.95 ಇದ್ದರೆ ಹಾಕಿಕೊಳ್ಳಿ. ಆ ಲೆನ್ಸ್ ಒಂದೇ 700 ಗ್ರಾಂ, ಮೂತಿ ಕೆಳಗೆ ಎಳೆಯುತ್ತದೆ, ಬೆರಳಿಗೆ ಮುಂದೆ ಏನಾದರೂ ಬೇಕೇ ಬೇಕು. ನನ್ನ ಹತ್ತಿರ ಇರುವುದು ಕಾಲು ಕೇಜಿಯ 35 ಎಂಎಂ ಲೆನ್ಸ್. ಅದಕ್ಕೆ ಮುಂದಿನ ಗ್ರಿಪ್ ಹಾಕಿದರೆ ಕ್ಯಾಮೆರಾ ದಪ್ಪ ಆಗುತ್ತದೆ ಹೊರತು ಹಿಡಿತ ಬಿಗಿ ಆಗುವುದಿಲ್ಲ.

ಜೊತೆಗೆ ತಳದ ಪ್ಲೇಟ್ ಕಾಟ. ಎಂ8ರಿಂದ ಎಂ10ವರೆಗೆ ಕಾರ್ಡ್, ಬ್ಯಾಟರಿ ಬದಲಿಸಲು ತಳ ಬಿಚ್ಚಲೇಬೇಕು. ಹ್ಯಾಂಡ್‌ಗ್ರಿಪ್ ಕೂರುವುದೂ ಆ ತಳದ ಜಾಗದಲ್ಲೇ. ಜಾತ್ರೆಯ ನಡುವೆ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕ್ಯಾಮೆರಾ, ಪ್ಲೇಟ್ ಎಲ್ಲಿ? ಹಲ್ಲಲ್ಲಿ. ತೆಳ್ಳನೆ ಪ್ಲೇಟ್ ಕಚ್ಚಿಕೊಳ್ಳಬಹುದು, ಗ್ರಿಪ್ ಕಚ್ಚಿಕೊಳ್ಳಲು ಆಗುವುದಿಲ್ಲ. 2022ರ ಎಂ11ರಲ್ಲಿ ಈ ಪ್ಲೇಟೇ ಹೋಯಿತು, ಪುಣ್ಯ. ಕಪ್ಪು ಎಂ11 ಬರೀ 530 ಗ್ರಾಂ ಬೇರೆ.

ಎಂ8, ಎಂ9 ಇಟ್ಟುಕೊಂಡವರಿಗೆ ಒಂದು ಮಾತು. ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕಿ ಕ್ಯಾಮೆರಾ ತಲೆಕೆಳಗಾಗಿ ನೇತುಹಾಕುವ ಸ್ಲಿಂಗ್ ಸಿಗುತ್ತದಲ್ಲ, ಅದು ಬೇಡ. ಆ ತೂತು ಇರುವುದು ಬಿಚ್ಚುವ ಪ್ಲೇಟಿನಲ್ಲಿ. ಪ್ಲೇಟನ್ನು ಹಿಡಿದಿರುವುದು ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ತಿರುಗಿಸುವ ಕೀಲಿ. ಪೂರ್ತಿ ಭಾರ ಅದರ ಮೇಲೆ ಬಿಡಲು ನನಗಂತೂ ಧೈರ್ಯ ಇಲ್ಲ.

ಕ್ಯಾಮೆರಾದ ಕೆಳ ಅರ್ಧಕ್ಕೆ ಹಾಕುವ ಚರ್ಮದ ಹಾಫ್ ಕೇಸ್? ಚೆಂದ. ಮಂಗಳೂರಲ್ಲೋ ಮಡಿಕೇರಿಯಲ್ಲೋ ಇದ್ದರೆ ಜುಲೈನಲ್ಲಿ ತೆಗೆದು ನೋಡಿ, ಬೂಷ್ಟು ಹಿಡಿದಿರುತ್ತದೆ.

ಗ್ರಿಪ್ ಯಾವುದೇ ಇರಲಿ, ಕೈಗೆ ಹಿಡಿತ ಕೊಡುತ್ತದೆ, ಅಷ್ಟೇ. ಕೈ ಜಾರಿದ ಮೇಲೆ ಉಳಿಸುವುದು ಸ್ಟ್ರಾಪ್, ಸ್ಟ್ರಾಪನ್ನು ಉಳಿಸುವುದು ಈ ಐದು ಪೈಸೆಗಿಂತ ಚಿಕ್ಕ ರಿಂಗ್. ಅದಕ್ಕೇ ನನ್ನ ಕ್ಯಾಮೆರಾಗೆ ಈಗ ಇರುವುದು ಎರಡೇ ಸಾಮಾನು. ಹೊಸ ಗಟ್ಟಿ ರಿಂಗ್‌ಗೆ ಕಟ್ಟಿದ ರಿಸ್ಟ್ ಸ್ಟ್ರಾಪ್, ಮೇಲೊಂದು ಥಂಬ್ ಗ್ರಿಪ್. ತಿಂಗಳಿಗೊಮ್ಮೆ ರಿಂಗಿನ ಸಂದಿಗೆ ಉಗುರು ಹಾಕಿ ನೋಡುತ್ತೇನೆ. ಉಗುರು ಸಲೀಸಾಗಿ ಹೋಯಿತೋ, ರಿಂಗ್ ಬದಲಿ.

ಹ್ಯಾಂಡ್‌ಗ್ರಿಪ್ ಇನ್ನೂ ಡಬ್ಬಿಯಲ್ಲೇ ಇದೆ. ಯಾರಿಗಾದರೂ ಬೇಕಿದ್ದರೆ ಕಾಮೆಂಟ್ ಹಾಕಿ. 240 ಇದ್ದವರು ಮಾತ್ರ, ಎಲ್ಲ ಮಾಡೆಲ್‌ಗೂ ಕೂರುವುದಿಲ್ಲ ಅಂತ ನನಗೂ ಮಾರಲು ಹೊರಟಾಗಲೇ ಗೊತ್ತಾದದ್ದು.