ಕೋಲು ನೆಡಿ, ನೆರಳು ಅಳೆಯಿರಿ

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಹೇಳುವುದು ಒಂದೇ ಮಾತು. ಕೋಲು ನೆಡಿ, ನಡುಹಗಲಿನ ನೆರಳು ಅಳೆಯಿರಿ. ದುರ್ಬೀನು ಬೇಡ, ಆ್ಯಪ್ ಬೇಡ.

ಬೆಂಗಳೂರಿನ ಲೆಕ್ಕ ಕೊಡುತ್ತೇನೆ. ತಾರಸಿಯಲ್ಲಿ ಒಂದು ಮೀಟರ್ ಎತ್ತರದ ಪೈಪು ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೆಟ್ಟಗಿದೆಯೇ ನೋಡಿ. ದಿನದ ಅತಿ ಗಿಡ್ಡ ನೆರಳಿನ ತುದಿಗೆ ಗೆರೆ ಹಾಕಿ. ಅದು ಗಡಿಯಾರದ 12ಕ್ಕೆ ಬೀಳುವುದಿಲ್ಲ. 12:20ರ ಆಸುಪಾಸು, ಕಾಲು ಗಂಟೆ ಆಚೀಚೆ. ಮಾರ್ಚ್ 21ಕ್ಕೆ ಆ ನೆರಳು 23 ಸೆಂಟಿಮೀಟರ್, ಡಿಸೆಂಬರ್ 21ಕ್ಕೆ 74. ಹಿಂದಿನ ಜ್ಯೋತಿಷಿಗಳೂ 12 ಅಂಗುಲದ ಶಂಕು ಎಂಬ ಕೋಲು ಇಟ್ಟು ಇದನ್ನೇ ಮಾಡುತ್ತಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದರು. ಪಂಚಾಂಗ ಬಿಟ್ಟು ಕದಲದವರು. "ಸೂರ್ಯ ಉತ್ತರಕ್ಕೆ ತಿರುಗುವುದು ಸಂಕ್ರಾಂತಿಗೆ ಕಣಯ್ಯಾ" ಎಂದರು. ವಾದ ಬೇಡ ತಾತ, ಅಳೆಯೋಣ, ನಡುಹಗಲಿನ ನೆರಳು ಅತಿ ಉದ್ದವಾದ ದಿನವೇ ಸೂರ್ಯ ತಿರುಗುವ ದಿನ ಎಂದೆ. ನವೆಂಬರ್ 28ಕ್ಕೆ 68 ಸೆಂಟಿಮೀಟರ್ ಬಂತು. ದಿನ ದಿನಕ್ಕೂ ಉದ್ದವಾಗುತ್ತಾ ಹೋಗಿ, ಡಿಸೆಂಬರ್ ಮೂರನೇ ವಾರದಲ್ಲಿ 74ರ ಹತ್ತಿರ ನಿಂತೇಬಿಟ್ಟಿತು. ಗೆರೆ ಮೇಲೆ ಗೆರೆ! "ತಿರುಗಿದ್ದು ಯಾವತ್ತು, ಈಗ ಹೇಳು ನೋಡೋಣ" ಎಂದು ತಾತ ಕೆಣಕಿದರು. ಮಜಾ ಇರುವುದೇ ಇಲ್ಲಿ. ಅತಿ ಉದ್ದದ ನೆರಳಿನ ದಿನವನ್ನೇ ನೇರವಾಗಿ ಹುಡುಕಲು ಹೋಗಬಾರದು. ಒಂದೇ ಉದ್ದದ ನೆರಳು ಬಿದ್ದ ಎರಡು ದಿನ ಹಿಡಿದು, ಅವುಗಳ ನಡುವಿನ ದಿನ ತೆಗೆಯಬೇಕು. ಜನವರಿ 14, ಸಂಕ್ರಾಂತಿ. ನೆರಳು ಮತ್ತೆ 68! ನಡುವೆ ಸಿಕ್ಕಿದ್ದು ಡಿಸೆಂಬರ್ 21. ತಾತ ಎಳ್ಳುಬೆಲ್ಲದ ತಟ್ಟೆ ಕೆಳಗಿಟ್ಟು ತಾವೇ ಟೇಪು ಹಿಡಿದರು. "ಹಾಗಾದ್ರೆ ಪಂಚಾಂಗ ಸುಳ್ಳಾ?"

ಸುಳ್ಳಲ್ಲ. ಪಂಚಾಂಗದ ಮಕರ ರಾಶಿ ನಕ್ಷತ್ರಗಳ ಲೆಕ್ಕ. ಸುಮಾರು 1,700 ವರ್ಷದ ಹಿಂದೆ ಸೂರ್ಯ ಆ ರಾಶಿಗೆ ಹೋಗುವ ಸಂಕ್ರಾಂತಿ, ಸೂರ್ಯ ಉತ್ತರಕ್ಕೆ ತಿರುಗುವುದು, ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುತ್ತಾ, ಈಗ 24 ದಿನದ ಅಂತರ ಬಿದ್ದಿದೆ. ಇದನ್ನು ತೋರಿಸಿದ್ದು ಒಂದು ಪೈಪು, ಅಲ್ವಾ?

ನನ್ನ ಸಮಯವೆಲ್ಲ ತಾತನಿಗೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲು ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನ ಎಲ್ಲರೂ ಫೋಟೊ ತೆಗೆಯುತ್ತಾರೆ, ಮರುದಿನ ಕೋಲು ಕಿತ್ತು ಮೂಲೆಗಿಡುತ್ತಾರೆ. ಇಡಬೇಡಿ! ಅಲ್ಲಿಂದ ಆಗಸ್ಟ್‌ವರೆಗೆ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಜೂನ್ 21ಕ್ಕೆ 18 ಸೆಂಟಿಮೀಟರ್. ಬೀದರಿನವರಿಗೆ ನೆರಳಿಲ್ಲದ ಮೊದಲ ದಿನ ಬರುವುದು ಮೇ ತಿಂಗಳಲ್ಲಿ.

ಸುಮ್ನೆ ಕೇಳಿ ಬಿಡಬೇಡಿ, ನಾಳೆಯೇ ಕೋಲು ನೆಡಿ. ಗೆರೆಗೆ ಸೀಮೆಸುಣ್ಣ ಬೇಡ, ಪೇಂಟೇ ಹಾಕಿ. ನಮಸ್ಕಾರ.